ಖಾರ ಕುಟ್ಟುವ ಡಂಕವೂ ನಮ್ಮೂರಿನ ಡೌನ್‌ಟೌನೂ

ಕಾಗವಾಡದ ಸುತ್ತಲಿನ ಗಡಿ ಊರುಗಳಲ್ಲಿ ನಮ್ಮದೂ ಒಂದು. ಅದರ ಹೆಸರನ್ನು ಹೇಳುವುದಿಲ್ಲ; ಹೇಳಿದರೆ ಊರಿನ ಅಭಿವೃದ್ಧಿ ಸಮಿತಿಯವರು ಈ ಬರಹವನ್ನೂ ತಮ್ಮ ಸಾಧನೆಗಳಲ್ಲಿ ಸೇರಿಸಿಕೊಂಡಾರು. ನಮ್ಮ ಪೇಟೆಯ ಪಶ್ಚಿಮದ ತುದಿಯಲ್ಲಿ ಕರ್ನಾಟಕ ಮುಗಿಯುತ್ತದೆ. ಮುಗಿಯಿತೆಂದು ತಿಳಿಸುವುದಕ್ಕೆ ಒಂದು ಕಮಾನನ್ನು ಕಟ್ಟಿದ್ದಾರೆ. ಕಮಾನಿನ ಈಚೆಗೆ ಕರ್ನಾಟಕದ ಕಬ್ಬು, ಆಚೆಗೆ ಮಹಾರಾಷ್ಟ್ರದ ಕಬ್ಬು. ಎರಡೂ ಅದೇ ಕೃಷ್ಣೆಯ ನೀರು ಕುಡಿದು ಬೆಳೆದವು. ಹೆರಿಗೆಗೆ ಮಿರಜಿಗೆ, ಸಂತೆಗೆ ಅಥಣಿಗೆ, ಹೆಣ್ಣು ನೋಡುವುದಕ್ಕೆ ರಾಯಬಾಗಕ್ಕೆ, ಮನೆಯಲ್ಲಿ ಮುನಿಸಿಕೊಂಡರೆ ನಿಪ್ಪಾಣಿಯ ಸೋದರತ್ತೆಯ ಬಳಿಗೆ ಹೋಗುವ ನಮಗೆ ಗಡಿಯೆಂಬುದು ದಾಟಿ ನಡೆಯುವ ಗಟಾರಿಗಿಂತ ದೊಡ್ಡದಾಗಿ ಎಂದೂ ಕಂಡಿರಲಿಲ್ಲ. ಅದನ್ನು ಗಂಭೀರವಾಗಿ ಪರಿಗಣಿಸುತ್ತಿದ್ದವರು ಭಾಷಣಕಾರರು ಮಾತ್ರ. ಈಚೆಗೆ ಅವರ ಸಾಲಿಗೆ ಉದ್ಯಮಿಗಳೂ ಸೇರಿದ್ದಾರೆ. ಅಂಥ ಉದ್ಯಮಿಗಳಲ್ಲಿ ಒಬ್ಬನು ನನ್ನ ಒಡಹುಟ್ಟಿದ ಅಣ್ಣ.

ನಾನು ಚಿಕ್ಕೋಡಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ವಯಂ ನಿವೃತ್ತಿ ಪಡೆದು ತವರಿನ ಮನೆಯ ಮಾಳಿಗೆಯ ಕೋಣೆಗೆ ಬಂದು ಸೇರಿದಾಗ, ಆ ಮನೆಯನ್ನು ನಡೆಸುತ್ತಿದ್ದವರು ವೈನಿ, ಎಂದರೆ ಅಣ್ಣನ ಹೆಂಡತಿ. ಅಣ್ಣನಿಗೆ ಏಕವಚನವನ್ನೂ ವೈನಿಗೆ ಬಹುವಚನವನ್ನೂ ಬಳಸುತ್ತಿರುವುದು ನನ್ನ ಕೈತಪ್ಪಲ್ಲ. ಇಬ್ಬರೂ ಗಳಿಸಿಕೊಂಡದ್ದನ್ನೇ ಕೊಟ್ಟಿದ್ದೇನೆ.

ವೈನಿ ತಮ್ಮ ತವರಾದ ದಿಗ್ಗೇವಾಡಿಯಿಂದ ತಂದಿದ್ದ ಎಮ್ಮೆಗಳನ್ನು ಮಾರಿ, ಪೇಟೆಯ ಹಳೆಯ ಮಳಿಗೆಯ ಸಾಲಿನಲ್ಲಿ ಒಂದು ಡಂಕ ಹಾಕಿದ್ದರು. ಡಂಕವೆಂದರೆ ಖಾರ ಕುಟ್ಟುವ ಯಂತ್ರ: ಕಬ್ಬಿಣದ ಒನಕೆಗಳು ಕರೆಂಟಿನ ಬಲದಿಂದ ಏರಿ, ತಮ್ಮ ಭಾರದಿಂದ ಇಳಿದು, ಒರಳಿನಲ್ಲಿರುವ ಮೆಣಸಿನಕಾಯಿಯನ್ನು ಪುಡಿ ಮಾಡುತ್ತವೆ. ಬೇಸಿಗೆ ಬಂತೆಂದರೆ ನಮ್ಮ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ವರ್ಷದ ಮಸಾಲೆ ಖಾರ ಆಗಲೇಬೇಕು. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಸಂಕೇಶ್ವರಿ, ಜೊತೆಗೆ ಹುರಿದ ಒಣಕೊಬ್ಬರಿ, ಎಳ್ಳು, ಹವೀಜವೆಂಬ ಕೊತ್ತಂಬರಿ ಬೀಜ. ಉಳಿದದ್ದು ಆಯಾ ಮನೆಯ ಹೆಂಗಸಿನ ಕೈಗೂ ಹಟಕ್ಕೂ ಬಿಟ್ಟದ್ದು. ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿಕೊಂಡು ಬಂದು, ತಮ್ಮ ಪಾಳಿ ಬರುವವರೆಗೂ ಡಂಕದ ಮುಂದಿನ ಕಟ್ಟೆಯ ಮೇಲೆ ಕುಳಿತು, ಪಾಳಿ ಬಂದ ಮೇಲೆ ಒರಳಿನ ಪಕ್ಕದಲ್ಲಿ ಕಾವಲು ಕೂಡುತ್ತಾರೆ. ತಮ್ಮ ಖಾರವನ್ನು ಕಣ್ಣಮುಂದೆ ಕುಟ್ಟಿಸಿಕೊಳ್ಳದ ಗೃಹಿಣಿಯನ್ನು ನಮ್ಮ ಕಡೆಯಲ್ಲಿ ಗೃಹಿಣಿಯೆಂದು ಯಾರೂ ಒಪ್ಪುವುದಿಲ್ಲ.

ಪಾಳಿಗೂ ಒಂದು ಕ್ರಮವಿತ್ತು. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನದ ಜೈನರ ಮನೆಗಳ ಖಾರವು ಬೆಳಗ್ಗೆ, ತೊಳೆದು ಒರೆಸಿದ ಒರಳಿನಲ್ಲಿ, ಎಲ್ಲರಿಗಿಂತ ಮೊದಲು. ಅದು ಮುಗಿದ ಬಳಿಕ ಉಳಿದವರದು. ಈ ನಿಯಮವನ್ನು ಯಾರೂ ಬರೆದಿರಲಿಲ್ಲ. ಆದ್ದರಿಂದಲೇ ಯಾರೂ ಮುರಿದಿರಲಿಲ್ಲ. ಇನ್ನೊಂದು ಪದ್ಧತಿಯೆಂದರೆ, ಕುಟ್ಟುವ ಕೂಲಿಯನ್ನು ಕೊಟ್ಟ ಮೇಲೆ ಪ್ರತಿಯೊಬ್ಬಳೂ ತನ್ನ ಖಾರದಲ್ಲಿ ಒಂದು ಹಿಡಿಯನ್ನು ವೈನಿಯ ಭರಣಿಗೆ ಹಾಕಿ ಹೋಗುತ್ತಿದ್ದಳು. ಹೀಗಾಗಿ ನಮ್ಮ ಮನೆಯ ಪಲ್ಯಕ್ಕೆ ಬೀಳುತ್ತಿದ್ದುದು ಊರಿನ ಎಲ್ಲ ಅಡುಗೆಮನೆಗಳ ಖಾರ.

ಅಣ್ಣನ ದಿನಚರಿ ಬೇರೆಯಾಗಿತ್ತು. ಮುಂಜಾನೆ ಬಸ್‌ಸ್ಟ್ಯಾಂಡಿನ ಚಹಾ, ಮಧ್ಯಾಹ್ನ ಪಂಚಾಯ್ತಿಯ ಮುಂದಿನ ಚಹಾ, ಸಂಜೆ ಕಮಾನಿನ ಬುಡದಲ್ಲಿ ಮಹಾರಾಷ್ಟ್ರದ ಚಹಾ. ಈ ಮೂರನೆಯ ಚಹಾದಲ್ಲಿ ಅವನಿಗೆ ಆಚೆಯ ಊರಿನ ಪ್ಲಾಟುಗಳ ಏಜಂಟನೊಬ್ಬನ ಪರಿಚಯವಾಯಿತು. ಒಂದು ದಿನ ಅವನನ್ನು ಊಟಕ್ಕೆ ಕರೆತಂದನು. ವೈನಿ ಝುಣಕ ಭಕ್ರಿ ಬಡಿಸಿದರು. ಏಜಂಟನು ಎರಡನೆಯ ತುತ್ತಿಗೆ ಕಣ್ಣು ಮುಚ್ಚಿದನು.

“ಕಾಯ್ ಚಟಣೀ ಆಹೇ ವೈನಿ. ಯಾವ ಕಂಪನೀದ್ರಿ ಈ ಖಾರ?”

“ಕಂಪನಿ ಎಲ್ಲೀದ್ ತಂದ್ರಿ. ಭರಣ್ಯಾಂದು” ಎಂದರು ವೈನಿ.

“ನಮ್ದ ಕಂಪನಿ” ಎಂದನು ಅಣ್ಣ. ಆ ಕ್ಷಣದವರೆಗೆ ಅಂಥದೊಂದು ಇರುವುದು ಅವನಿಗೂ ತಿಳಿದಿರಲಿಲ್ಲ.

ಏಜಂಟನು ಕೈ ತೊಳೆಯುವುದರೊಳಗೆ ಅಣ್ಣನನ್ನು ಕಾರ್ಖಾನೆಯ ಮಾಲೀಕನನ್ನಾಗಿ ಮಾಡಿಬಿಟ್ಟನು. “ಈ ಪ್ಯಾಟ್ಯಾಗ ಕುಂತ ಏನ್ ಮಾಡ್ತೀರಿ ಶೇಟ್? ನಮ್ಮ ಕಡೆ ಔದ್ಯೋಗಿಕ ವಸಾಹತ್ ಆಗೇತಿ. ರೋಡ್ ಐತಿ, ಲೈಟ್ ಐತಿ, ಶೆಡ್ ಐತಿ. ನಿಮ್ಮ ಸರಕಾರ ನಿಮಗ ಏನ್ ಕೊಟ್ಟೈತಿ?”

“ಏನೂ ಕೊಟ್ಟಿಲ್ರಿ” ಎಂದು ಅಣ್ಣನು ದುಃಖದಿಂದ ನುಡಿದನು.

“ಕೇಳಿದ್ರೇನ್ ನೀವು?” ಎಂದು ವೈನಿ ಒಳಗಿನಿಂದ ಕೇಳಿದರು. ಅಣ್ಣನು ಏಜಂಟನಿಗೆ ಕೈ ಒರೆಸಿಕೊಳ್ಳಲು ಟವೆಲ್ ಕೊಟ್ಟನು.

ಔದ್ಯೋಗಿಕ ವಸಾಹತ್ತನ್ನು ನೋಡಲು ನಾನೂ ಹೋಗಿದ್ದೆ. ಕಮಾನಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ದೊಡ್ಡದೊಂದು ಬೋರ್ಡು, ಅದಕ್ಕಿಂತ ಸ್ವಲ್ಪ ಉದ್ದವಾದ ರಸ್ತೆ, ಒಂದು ಶೆಡ್ಡಿನಲ್ಲಿ ಸಿಮೆಂಟಿನ ಕಂಬಗಳನ್ನು ಎರಕ ಹೊಯ್ಯುವ ಉದ್ಯಮ, ಮತ್ತೊಂದರಲ್ಲಿ ಕುರಿಗಳು. ಕುರಿಗಳು ಕರ್ನಾಟಕದವು, ಮೇವಿಗಾಗಿ ಸ್ಥಳಾಂತರಗೊಂಡಿದ್ದವು. ಅಣ್ಣನಿಗಿಂತ ಮೊದಲು ಗಡಿ ದಾಟಿದ ಬಂಡವಾಳವೆಂದರೆ ಅವೇ.

ಸುದ್ದಿ ಊರಿನಲ್ಲಿ ಹರಡಿತು. ಖಾರದ ಉದ್ಯಮವು ಕರ್ನಾಟಕವನ್ನು ಬಿಟ್ಟು ಹೋಗುತ್ತಿದೆಯೆಂದು ಅಭಿವೃದ್ಧಿ ಸಮಿತಿಯು ತಲ್ಲಣಿಸಿತು. ಅದುವರೆಗೆ ಡಂಕದ ಗದ್ದಲದ ಬಗ್ಗೆ ದೂರು ಹೇಳುತ್ತಿದ್ದ ಸಮಿತಿಯ ಅಧ್ಯಕ್ಷರು, ಮರುದಿನವೇ ಇಬ್ಬರು ಸದಸ್ಯರನ್ನು ಕರೆದುಕೊಂಡು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತರು. ಅಧ್ಯಕ್ಷರದು ಬಟ್ಟೆ ಅಂಗಡಿ, ದ್ರಾಕ್ಷಿಯ ತೋಟ, ಮತ್ತು ಪುಣೆಯಲ್ಲಿ ಒಬ್ಬ ಅಳಿಯ. ಅಳಿಯನ ಮನೆಗೆ ಹೋಗಿ ಬಂದಾಗಲೆಲ್ಲ ಅವರು ಒಂದು ಹೊಸ ಶಬ್ದವನ್ನು ತರುತ್ತಿದ್ದರು. ಆ ಸಲ ತಂದದ್ದು ‘ಡೌನ್‌ಟೌನ್’, ಎಂದರೆ ಮಹಾನಗರದ ನಟ್ಟನಡುವಿನ ಪೇಟೆ.

“ಮಿರಜ, ಸಾಂಗಲಿ, ಕಾಗವಾಡ, ಅಥಣಿ, ಎಲ್ಲಾ ಕೂಡಿ ಒಂದ ಮೆಟ್ರೋ ಸಿಟಿ ಆಗೂದೈತ್ರಿ ಅಕ್ಕೋರ” ಎಂದು ಅವರು ನನಗೆ ವಿವರಿಸಿದರು. ಶಿಕ್ಷಕಿಯಾಗಿದ್ದವಳಿಗೆ ಊರಿನವರು ಕೊಡುವ ಬಿರುದು ಅಕ್ಕೋರು. “ಮೆಟ್ರೋ ಆದಮ್ಯಾಲ ಅದಕ್ಕೊಂದ ಡೌನ್‌ಟೌನ್ ಬೇಕಲ್ರಿ.”

“ಅದು ನಮ್ಮೂರಾಗ ಯಾಕ ಬೇಕ್ರಿ?”

“ಮತ್ತ ಎಲ್ಲಿ ಇಡೂಣ್ರಿ? ಎಲ್ಲಾರ ನಡಬರಕ ನಾವ ಅದೀವಿ.”

ಮಿರಜಿಗೂ ಅಥಣಿಗೂ ನಡುವೆ ಇರುವ ಎಲ್ಲ ಊರುಗಳೂ ನಡುವೆಯೇ ಇವೆಯೆಂದು ಹೇಳಬೇಕೆನ್ನಿಸಿತು. ನಿವೃತ್ತಳಾಗಿದ್ದುದರಿಂದ ಬಿಟ್ಟುಬಿಟ್ಟೆ.

ಯೋಜನೆ ಹೀಗಿತ್ತು: ಪೇಟೆಯ ಹಳೆಯ ಮಳಿಗೆಗಳನ್ನು ಕೆಡವುವುದು, ಅಲ್ಲಿ ಎರಡಂತಸ್ತಿನ ಕಾಂಪ್ಲೆಕ್ಸ್, ಗಡಿಯಾರದ ಗೋಪುರ, ಕಾರಂಜಿ, ನೆಲಕ್ಕೆಲ್ಲ ಬಣ್ಣದ ಪೇವರ್. ಅಣ್ಣನ ಕಂಪನಿಗೆ ಮೇಲಂತಸ್ತಿನಲ್ಲಿ ಗಾಜು ಹಚ್ಚಿದ ಮಳಿಗೆ.

ಚಹಾ ತಂದ ವೈನಿ ತಟ್ಟೆಯನ್ನು ಹಿಡಿದುಕೊಂಡೇ ನಿಂತರು. “ಮಾಳಗೀ ಮ್ಯಾಲ ಡಂಕ ಕುಂದರಸ್ತೀರೇನ್ರಿ?”

“ಡಂಕ ಬ್ಯಾಡ್ರಿ ವೈನಿ. ಘಾಟ ಬರತೈತಿ, ಗೋಡಿ ಅಲಗಾಡ್ತಾವು. ಡೌನ್‌ಟೌನಿಗೆ ಹೊಂದಂಗಿಲ್ಲ. ಕಂಪನಿ ಅಷ್ಟ ಇರ್ಲಿ.”

“ಡಂಕ ಇಲ್ಲದ ಅಲ್ಲಿ ಕುಂತ ಏನ್ ಮಾಡೂದ್ರಿ?”

“ಆಫೀಸ್” ಎಂದರು ಅಧ್ಯಕ್ಷರು.

ವೈನಿ ತಟ್ಟೆಯನ್ನು ನೆಲಕ್ಕಿಟ್ಟರು. “ನೋಡ್ರಿ, ನಿಮ್ಮ ಆಫೀಸ್ ನನಗ ಬ್ಯಾಡ, ಇವರ ಶೆಡ್ಡೂ ಬ್ಯಾಡ. ನನ್ನ ಡಂಕ ಪ್ಯಾಟ್ಯಾಗ ಇರಬೇಕು. ಹಳ್ಳ್ಯಾಗಿನ ಹೆಣ್ಮಕ್ಕಳು ಬಸ್ಸಿಳದ ಸೀದಾ ನನ್ನ ಕಟ್ಟೀಗೆ ಬರ್ತಾರ. ಖಾರ ಕುಟ್ಟೂತನಕ ಪ್ಯಾಟಿ ಮಾಡ್ತಾರ. ಡಂಕ ಹ್ವಾದ್ರ ನಿಮ್ಮ ಬಟ್ಟಿ ಅಂಗಡಿಗೂ ಯಾರ್ ಬರ್ತಾರ?”

ಅಧ್ಯಕ್ಷರು ನಕ್ಕರು. ಹೆಂಗಸರ ಮಾತಿಗೆ ನಗುವುದು ನಮ್ಮ ಸಮಿತಿಯ ಅಲಿಖಿತ ನಡಾವಳಿ. ಅಣ್ಣನಂತೂ ಎರಡು ರಾಜ್ಯಗಳು ತನಗಾಗಿ ಪೈಪೋಟಿ ನಡೆಸುತ್ತಿರುವ ಸುಖದಲ್ಲಿ ಮೂರನೆಯವರೊಬ್ಬರು ಮಾತಾಡಿದ್ದನ್ನು ಕೇಳಿಸಿಕೊಳ್ಳಲೇ ಇಲ್ಲ.

ಮಳಿಗೆಗಳು ಬೇಸಿಗೆಗೆ ಮೊದಲೇ ಬಿದ್ದವು. ಕಟ್ಟೆಯೂ ಬಿತ್ತು. ಬಟ್ಟೆಯವರು, ಪಾತ್ರೆ ಭಾಂಡೆಯವರು, ಬಳೆಯವರು ಹಿಂದಿನ ಓಣಿಯಲ್ಲಿದ್ದ ತಮ್ಮ ತಮ್ಮ ಮನೆಗಳ ಪಡಸಾಲೆಗಳಿಗೆ ವ್ಯಾಪಾರವನ್ನು ಸಾಗಿಸಿಕೊಂಡರು. ಡಂಕವನ್ನು ಪಡಸಾಲೆಯಲ್ಲಿ ಕೂಡಿಸಲಾಗದು. ಅದಕ್ಕೆ ಗಟ್ಟಿಯಾದ ನೆಲ ಬೇಕು, ಬೇರೆ ಮೀಟರ್ ಬೇಕು. ಆಗ ಅಣ್ಣನು ಡಂಕವನ್ನು ಆಚೆಯ ಶೆಡ್ಡಿಗೆ ಒಯ್ಯುವ ತನ್ನ ತೀರ್ಮಾನವನ್ನು ಪ್ರಕಟಿಸಿದನು.

“ನೆಲ ಇಲ್ಲದಾಂಗ ಮಾಡ್ಯಾರ, ತಗೊಂಡ ಹೋಗ್ರಿ” ಎಂದರು ವೈನಿ. “ಆದ್ರ ನಾ ಬರಂಗಿಲ್ಲ.”

“ನೀ ಬರೂದ್ ಬ್ಯಾಡ. ಮ್ಯಾನೇಜರ್ ಇಡ್ತೀನಿ.”

ಡಂಕವನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಏರಿಸಿ, ಕಾಯಿ ಒಡೆದು, ಕಮಾನಿನಡಿಯಲ್ಲಿ ದಾಟಿಸಿದರು. ಒಂದು ಪತ್ರಿಕೆಯಲ್ಲಿ ಉದ್ಯಮವು ನೆರೆರಾಜ್ಯದ ಪಾಲಾಯಿತೆಂದು ಬಂತು. ಆಚೆಯ ಪತ್ರಿಕೆಯಲ್ಲಿ ಬಂಡವಾಳ ಹರಿದು ಬಂತೆಂದು ಬಂತು. ಹರಿದು ಹೋದದ್ದು ಅಥವಾ ಹರಿದು ಬಂದದ್ದು ಒಂದು ಡಂಕ, ಒಂದು ಭರಣಿ, ಮೆಣಸಿನಕಾಯಿಯ ಕೆಲವು ಚೀಲ ಮತ್ತು ಹಣೆಗೆ ಕುಂಕುಮ ಹಚ್ಚಿಕೊಂಡ ನನ್ನ ಅಣ್ಣ.

ಭರಣಿ ತುಂಬಿದ್ದಷ್ಟು ಕಾಲ ಕಂಪನಿ ಚೆನ್ನಾಗಿ ನಡೆಯಿತು. ಅದರೊಳಗಿನ ಖಾರವನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಅಥಣಿ, ನಿಪ್ಪಾಣಿ, ಮುಗಳಖೋಡಗಳ ಅಂಗಡಿಗಳಿಗೆ ರುಚಿ ನೋಡಲು ಹಂಚಿದನು. ಎಲ್ಲ ಕಡೆಯಿಂದಲೂ ಇನ್ನಷ್ಟು ಕಳಿಸಿರೆಂಬ ಬೇಡಿಕೆ ಬಂತು. ಭರಣಿಯ ತಳ ಕಂಡಿತು. ಮ್ಯಾನೇಜರನು ಮೆಣಸಿನಕಾಯಿಯನ್ನೂ ಮಸಾಲೆಯನ್ನೂ ಡಂಕಕ್ಕೆ ಸುರಿದು ಕುಟ್ಟಿಸಿದನು. ಕೆಂಪಾದ ಪುಡಿಯೇನೋ ಬಂತು. ಇಟ್ಟಂಗಿಯನ್ನು ಕುಟ್ಟಿದರೂ ಕೆಂಪಾದ ಪುಡಿ ಬರುತ್ತದೆ.

ಅಣ್ಣನು ಮನೆಗೆ ಬಂದು ವೈನಿಯ ಎದುರಿಗೆ ಕುಳಿತನು. ನಾನು ಕಾಳು ಆರಿಸುತ್ತಿದ್ದೆ.

“ಹೇಳಬೇ, ಅದರಾಗ ಏನೇನ್ ಹಾಕತಿದ್ದಿ.”

“ನಾ ಏನೂ ಹಾಕಿಲ್ರಿ.”

“ಸಿಟ್ಟಿನ್ಯಾಗ ಮಾತಾಡಬ್ಯಾಡ. ಅಳತೀ ಹೇಳು.”

“ಸಿಟ್ಟ್ ಎಲ್ಲೀದ್ರಿ. ಊರಾವ್ರು ಒಂದೊಂದ ಹಿಡಿ ಹಾಕ್ಯಾರ. ಯಾರ ಮನ್ಯಾಗ ಏನ್ ಹುರೀತಾರ, ಎಷ್ಟ ಹುರೀತಾರ, ಅವರ ಅತ್ತೀಗೇ ಹೇಳಂಗಿಲ್ಲ. ನನಗ ಹೇಳ್ತಾರ?”

ಅಣ್ಣನು ನನ್ನ ಕಡೆಗೆ ತಿರುಗಿದನು. “ನೀ ಸಾಲಿ ಕಲಿಸಿದಾಕಿ. ಹುಡುಗೂರ ಬಾಯಿ ಬಿಡಸ್ತಿದ್ದಿ. ಈಕೀದೂ ಬಿಡಸು.”

ಇಷ್ಟು ವರ್ಷ ತಾನು ಉಂಡದ್ದು ತನ್ನ ಮನೆಯ ಖಾರವಲ್ಲವೆಂಬ ಸಂಗತಿ ಅವನಿಗೆ ಒಮ್ಮೆಗೇ ಹೊಳೆಯಲಿಲ್ಲ. ಹೊಳೆದ ಮೇಲೂ ಅದನ್ನು ಅವನು ವ್ಯವಸ್ಥೆಯ ದೋಷವೆಂದು ತಿಳಿದನೇ ಹೊರತು ತನ್ನ ದೋಷವೆಂದು ತಿಳಿಯಲಿಲ್ಲ. ವ್ಯವಸ್ಥೆಯನ್ನು ಸರಿಪಡಿಸುವುದಕ್ಕಾಗಿ ಊರಿನ ಹೆಂಗಸರಿಗೆ ಬಿಟ್ಟಿ ಟೆಂಪೊ ಬಿಟ್ಟನು. ಕುಟ್ಟುವುದೂ ಬಿಟ್ಟಿ. ಭರಣಿಯನ್ನು ಬಾಗಿಲಲ್ಲೇ ಇಡಿಸಿದನು.

ಟೆಂಪೊ ತುಂಬಿ ಹೋಯಿತು. ವೈನಿ ನನ್ನನ್ನೂ ಕಳಿಸಿದರು. “ಏನ್ ಮಾಡ್ತಾರ ನೋಡ್ಕೊಂಡ ಬಾ” ಎಂದಷ್ಟೇ ಹೇಳಿದರು. ಮ್ಯಾನೇಜರನು ಆಧುನಿಕನು, ಬಂದವರ ಕೈಗೆ ಟೋಕನ್ ಕೊಟ್ಟನು. ಟೆಂಪೊದಿಂದ ಮೊದಲು ಇಳಿದವಳಿಗೆ ಮೊದಲ ಟೋಕನ್. ಮೊದಲು ಇಳಿದವಳ ಡಬ್ಬಿಯಲ್ಲಿ ಕರಿದ ಉಳ್ಳಾಗಡ್ಡಿಯೂ ಬಳ್ಳೊಳ್ಳಿಯೂ ಧಾರಾಳವಾಗಿದ್ದವು. ಅವಳದು ಕುಟ್ಟಿದ ಒರಳಿಗೆ, ಅದರ ವಾಸನೆ ಆರುವ ಮೊದಲೇ, ಎರಡನೆಯ ಟೋಕನ್ ಹಿಡಿದಿದ್ದ ಜೈನರ ಮನೆಯ ಅಜ್ಜಿಯ ಡಬ್ಬಿಯನ್ನು ಸುರಿಯಲು ಅವನು ಕೈ ಎತ್ತಿದನು.

ಅಜ್ಜಿ ಡಬ್ಬಿಯ ಮೇಲೆ ಎರಡೂ ಕೈಗಳನ್ನಿಟ್ಟರು. “ತಮ್ಮಾ, ನೀ ಯಾವೂರಾಂವಪಾ?”

“ನಂಬರ್ ನಿಮ್ಮದ ಐತ್ರಿ ಅಜ್ಜಿ.”

“ನಂಬರ್ ನೀನ ಉಣ್ಣು” ಎಂದು ಹೇಳಿ ಅಜ್ಜಿ ಡಬ್ಬಿಯನ್ನು ಕಂಕುಳಲ್ಲಿ ಇರಿಸಿಕೊಂಡು ಟೆಂಪೊದಲ್ಲಿ ಹೋಗಿ ಕುಳಿತರು. ಅವರ ಹಿಂದೆ ಜೈನರ ಓಣಿಯ ಎಲ್ಲ ಹೆಂಗಸರೂ ಹೊರಟರು.

ಉಳಿದವರು ಕುಟ್ಟಿಸಿಕೊಂಡರು. ಕುಟ್ಟಿಸಿಕೊಂಡು, ಭರಣಿಯನ್ನು ಸುತ್ತು ಹಾಕಿ ಬಂದರು. ಅಣ್ಣನು ಒಬ್ಬಳನ್ನು ತಡೆದನು.

“ಯಾಕ್ ತಂಗಿ, ಒಂದ ಹಿಡಿ ಹಾಕಂಗಿಲ್ಲ?”

“ವೈನಿ ಎಲ್ಲದಾರ್ರಿ?”

“ಆಕಿ ಮನ್ಯಾಗ ಅದಾಳು. ಇದು ಕಂಪನಿ ಭರಣಿ.”

“ಕಂಪನಿಗ್ಯಾಕ ಹಾಕೂದ್ರಿ ಮತ್ತ? ಕಂಪನಿನ ನಮಗ ಕೊಡಬೇಕು” ಎಂದು ಅವಳು ನಕ್ಕು ಟೆಂಪೊ ಹತ್ತಿದಳು. ಬಿಟ್ಟಿಯಾಗಿ ಸಿಕ್ಕದ್ದಕ್ಕೆ ಕಾಣಿಕೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೂಲಿ ಕೊಟ್ಟು ಪಡೆದದ್ದಕ್ಕೆ ಮಾತ್ರ ಕೊಡುತ್ತೇವೆ. ಅರ್ಥಶಾಸ್ತ್ರದವರು ಇದನ್ನು ಯಾವ ಅಧ್ಯಾಯದಲ್ಲಿ ಸೇರಿಸುತ್ತಾರೋ ನಾನರಿಯೆ.

ಮಳೆಗಾಲ ಮುಗಿಯುವ ಹೊತ್ತಿಗೆ ಶೆಡ್ಡಿಗೆ ಬೀಗ ಬಿತ್ತು. ಡಂಕವು ಒಳಗೇ ಉಳಿಯಿತು. ಪಕ್ಕದ ಶೆಡ್ಡಿನ ಕುರಿಗಳು ಮಾತ್ರ ಅಭಿವೃದ್ಧಿ ಹೊಂದಿದ್ದವು. ಅಣ್ಣನು ಮೊದಲಿನ ಮೂರು ಚಹಾಗಳಿಗೆ ಮರಳಿದನು. ಬಸ್ಸಿಳಿದು ಹುಡುಕಿಕೊಂಡು ಮನೆಯವರೆಗೆ ಬಂದ ಹಳ್ಳಿಯ ಹೆಂಗಸರನ್ನು “ಮುಂದಿನ ಬ್ಯಾಸಗಿಗೆ ಬರ್ರಿ” ಎಂದು ಕಳಿಸುವಾಗ ವೈನಿಯ ಮುಖವನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಮುಂದಿನ ಬೇಸಿಗೆಗೆ ಎಲ್ಲಿಗೆ ಬರಬೇಕೆಂಬುದು ಅವರಿಗೇ ತಿಳಿದಿರಲಿಲ್ಲ.

ಇತ್ತ ಡೌನ್‌ಟೌನ್ ಸಿದ್ಧವಾಯಿತು. ಗೋಪುರದ ನಾಲ್ಕು ಮುಖಗಳ ಗಡಿಯಾರಗಳು ನಾಲ್ಕು ಹೊತ್ತುಗಳನ್ನು ತೋರಿಸುತ್ತಿದ್ದವು. ಮೆಟ್ರೋ ಆದ ಊರಿಗೆ ಒಂದೇ ಹೊತ್ತು ಸಾಲದಿರಬಹುದು. ಕಾರಂಜಿಯಲ್ಲಿ ನೀರಿನ ಹೊರತು ಎಲ್ಲವೂ ಇತ್ತು. ಮಳಿಗೆಗಳಿಗೆ ಶಟರ್ ಬಂದವು; ವ್ಯಾಪಾರಿಗಳು ಬರಲಿಲ್ಲ. ಪಡಸಾಲೆಯಲ್ಲಿ ಬಾಡಿಗೆಯಿಲ್ಲದೆ, ಮಧ್ಯಾಹ್ನದ ನಿದ್ದೆಯ ಸಮೇತ ವ್ಯಾಪಾರ ಮಾಡುವುದನ್ನು ಕಲಿತವರು ಗಾಜಿನೊಳಗೆ ಏಕೆ ಬಂದಾರು? ಅಧ್ಯಕ್ಷರ ಬಟ್ಟೆ ಅಂಗಡಿಯೂ ಹಿಂದಿನ ಓಣಿಯಲ್ಲೇ ಇತ್ತು. ಅಷ್ಟರಲ್ಲಿ ಉದ್ಘಾಟನೆಗೆ ಬೆಳಗಾವಿಯಿಂದ ದೊಡ್ಡ ಸಾಹೇಬರು ಬರುವುದು ಖಚಿತವಾಯಿತು. ಬೇಸಿಗೆ ಆಗತಾನೆ ಕಣ್ಣು ತೆರೆದಿತ್ತು.

ಅಧ್ಯಕ್ಷರು ಮತ್ತೆ ನಮ್ಮ ಪಡಸಾಲೆಗೆ ಬಂದರು. ಈ ಸಲ ಅಣ್ಣನನ್ನು ಕೇಳಲಿಲ್ಲ. ವೈನಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು, ಮುರಿಯುತ್ತಲೇ ಇದ್ದರು.

“ಸಾಹೇಬ್ರು ಬಂದಾಗ ಒಂದರೆ ಉದ್ಯೋಗ ಚಾಲೂ ಇರಬೇಕ್ರಿ ವೈನಿ. ನಿಮ್ಮ ಡಂಕ ತಂದ ಇಡ್ರಿ. ಒಂದ ದಿವಸ ಅಷ್ಟ.”

“ಎಲ್ಲಿ ಇಡೂದ್ರಿ? ಮಾಳಗೀ ಮ್ಯಾಲ?”

“ಕೆಳಗ ಇಡ್ರಿ. ಮುಂದಿನ ಮೊದಲನೇ ಮಳಗಿ.”

“ಬಾಡಿಗಿ ಕಾಗದ?”

“ಒಂದ ದಿವಸಕ್ಕ ಕಾಗದ ಯಾಕ್ರಿ?”

“ಒಂದ ದಿವಸಕ್ಕ ಎತ್ತಿ ಇಡಾಕ ಅದೇನ್ ನೀರಿನ ಹಂಡೇನ್ರಿ? ನೆಲಾ ಒಡದ, ಕಾಂಕ್ರೀಟ್ ಹಾಕಿ, ಬೋಲ್ಟ್ ಬಿಗೀಬೇಕು. ಕಾಗದ ನನ್ನ ಹೆಸರಿಲೆ ಆಗಬೇಕು. ಮುಂದ ಹೆಣ್ಮಕ್ಕಳು ಕುಂದ್ರಾಕ ಕಟ್ಟಿ ಆಗಬೇಕು. ಡಂಕ ನಡೀಬೇಕು, ಸುಮ್ನ ನಿಂದ್ರಂಗಿಲ್ಲ.”

“ಘಾಟ?” ಎಂದು ಅಧ್ಯಕ್ಷರು ಕ್ಷೀಣವಾಗಿ ಕೇಳಿದರು.

“ಘಾಟಿಲ್ಲದ ಖಾರ ಬೇಕಂದ್ರ ಆಚೀಕಡೆ ಶೆಡ್ಡಿನ್ಯಾಗ ಐತಿ. ತರಸ್ಕೋರಿ.”

ಉದ್ಘಾಟನೆ ಸಮೀಪಿಸಿತ್ತು, ಅವರು ಒಪ್ಪಿದರು. ಶೆಡ್ಡಿನ ಕೀಲಿ ಅಣ್ಣನ ಬಳಿ ಇತ್ತು. ವೈನಿ ಕೈ ಚಾಚಿದರು, ಅವನು ಕೊಟ್ಟನು. ಅವರ ಸಂಸಾರದಲ್ಲಿ ನಾನು ಕಂಡ ಅತ್ಯಂತ ಸಂಕ್ಷಿಪ್ತವಾದ ಸಂಭಾಷಣೆ ಅದು. ವೈನಿ ದಿಗ್ಗೇವಾಡಿಯಿಂದ ತಮ್ಮ ತವರಿನ ಅಣ್ಣನ ಟ್ರ್ಯಾಕ್ಟರನ್ನು ತರಿಸಿ, ತಾವೇ ಮುಂದೆ ನಿಂತು ಡಂಕವನ್ನು ಹೊರಡಿಸಿಕೊಂಡು ಬಂದರು. ಯಾವ ಪತ್ರಿಕೆಯಲ್ಲಿಯೂ ಬಂಡವಾಳದ ಸುದ್ದಿ ಬರಲಿಲ್ಲ.

ಉದ್ಘಾಟನೆಯ ದಿನ ಸಾಹೇಬರು ರಿಬ್ಬನ್ ಕತ್ತರಿಸಿ, ಗಡಿನಾಡಿನ ಔದ್ಯೋಗಿಕ ಭವಿಷ್ಯದ ಕುರಿತು ಮಾತನಾಡತೊಡಗಿದರು. ಅವರ ಬೆನ್ನ ಹಿಂದೆ ಡಂಕವು ಸಂಕೇಶ್ವರಿಯನ್ನು ಕುಟ್ಟುತ್ತಿತ್ತು. ಭವಿಷ್ಯವು ಮೂರನೆಯ ವಾಕ್ಯಕ್ಕೆ ಕೆಮ್ಮಾಗಿ, ಐದನೆಯದಕ್ಕೆ ಕಣ್ಣೀರಾಗಿ ಮುಗಿಯಿತು. ನಮ್ಮೂರಿನಲ್ಲಿ ನಡೆದ ಭಾಷಣಗಳಲ್ಲಿ ಜನರು ಮೆಚ್ಚಿದ್ದು ಅದೊಂದನ್ನೇ.

ಸಾಹೇಬರ ಕಾರು ಹೊರಟ ಮೇಲೆ ಅಧ್ಯಕ್ಷರು ಡಂಕವನ್ನು ನಿಲ್ಲಿಸಲು ಬಂದರು. ಒರಳಿನಲ್ಲಿ ಅರ್ಧ ಕುಟ್ಟಿದ್ದ ಖಾರವು ಅವರ ಹೆಂಡತಿಯದೇ ಆಗಿತ್ತು. “ಇದೊಂದ ಮುಗೀಲ್ರಿ” ಎಂದರು ವೈನಿ. ಅದು ಮುಗಿದಾಗ ಒರಳಿನಲ್ಲಿ ಕಬ್ಬೂರಿನಿಂದ ಬಂದಿದ್ದವರದಿತ್ತು. ಮರುದಿನ ಕಾಂಪ್ಲೆಕ್ಸ್ ಕಟ್ಟಿಸಿದ ಇಂಜಿನಿಯರರ ಅತ್ತೆಯದಿತ್ತು. ಯಾರದೂ ಇಲ್ಲದ ಹೊತ್ತು ಬೇಸಿಗೆಯಲ್ಲಿ ಬರಲೇ ಇಲ್ಲ. ಖಾರಕ್ಕೆ ಬಂದವರು ಸೀರೆಗಾಗಿ ಹಿಂದಿನ ಓಣಿಯವರೆಗೆ ನಡೆಯಲು ಒಲ್ಲೆವೆಂದಾಗ, ಬಟ್ಟೆಯ ಅಂಗಡಿ ಡಂಕದ ಪಕ್ಕದ ಮಳಿಗೆಗೆ ಬಂತು. ಆ ಮೇಲೆ ಅಧ್ಯಕ್ಷರು ಗದ್ದಲದ ವಿಷಯವನ್ನು ಎತ್ತಿಲ್ಲ.

ಈಚೆಗೆ ಸಮಿತಿಯವರು ಒಂದು ಸಮಾರಂಭ ಏರ್ಪಡಿಸಿ, ಗಡಿ ದಾಟಿ ಹೋಗಿದ್ದ ಉದ್ಯಮವನ್ನು ನಾಡಿಗೆ ಮರಳಿ ತಂದ ಧೀಮಂತನೆಂದು ಅಣ್ಣನನ್ನು ಸನ್ಮಾನಿಸಿದರು. ಅವನು ಶಾಲು ಹೊದ್ದುಕೊಂಡೇ ಮನೆಗೆ ಬಂದನು, ಹೊರಗೆ ಸುಡುಬಿಸಿಲಿತ್ತು. ಅಡುಗೆಮನೆಯ ಕಡೆಗೆ ಮುಖ ಮಾಡಿ ಚಹಾ ಬೇಕೆಂದು ಕೂಗಿದನು. ವೈನಿ ಪೇಟೆಯಲ್ಲಿದ್ದಾರೆಂದು ನಾನು ಮಾಳಿಗೆಯಿಂದಲೇ ತಿಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಪಾತ್ರೆಗಳ ಸದ್ದಾಯಿತು, ಅನಂತರ ಸಕ್ಕರೆಯ ಡಬ್ಬಿ ಎಲ್ಲಿದೆಯೆಂಬ ಪ್ರಶ್ನೆ ಬಂತು.